ಹನ್ನೊಂದು ತಿಂಗಳ ಮನೆ

ಜೂನ್ ತಿಂಗಳು ಬಂತೆಂದರೆ ಪುಣೆಯ ರೈಲು ನಿಲ್ದಾಣದಲ್ಲಿ, ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಕನ್ನಡದ ಮಾತು ಸ್ವಲ್ಪ ಹೆಚ್ಚಾಗಿಯೇ ಕಿವಿಗೆ ಬೀಳುತ್ತದೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ಟ್ರಂಕು, ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿ ಹೊತ್ತು ಇಳಿಯುವ ಹುಡುಗ ಹುಡುಗಿಯರಿಗೆ ಬೆಂಗಳೂರು ರಾಜಧಾನಿಯೇ ಹೊರತು ಹತ್ತಿರದ ಊರಲ್ಲ. ಅವರ ಪಾಲಿಗೆ ಹತ್ತಿರದ ಮಹಾನಗರಗಳೆಂದರೆ ಪುಣೆ ಮತ್ತು ಹೈದರಾಬಾದು. ಮೊದಲ ವರ್ಷ ಇವರು ನಮ್ಮ ಸಂಘದ ಕಚೇರಿಗೆ ಬರುವುದು ‘ಎಲ್ಲಾದರೂ ಒಂದು ಖೋಲಿ ಸಿಗಬಹುದೇ’ ಎಂದು ಕೇಳಲು. ಎರಡನೆಯ ವರ್ಷ ಬರುವುದು ಬೇರೆ ಪ್ರಶ್ನೆ ಹೊತ್ತುಕೊಂಡು: ‘ಮಾಲೀಕರು ಬಾಡಿಗೆ ಏರಿಸಿದ್ದಾರೆ, ಅವರಿಗೆ ಹಾಗೆ ಮಾಡುವ ಅಧಿಕಾರವಿದೆಯೇ?’

ಈ ಸಂಚಿಕೆಯ ಸಂಪಾದಕೀಯವನ್ನು ಈ ಪ್ರಶ್ನೆಗೇ ಮೀಸಲಿಡಬೇಕೆಂದು ನನಗೆ ತೋರಿತು. ಗಡಿ, ಭಾಷೆ, ಶಾಸ್ತ್ರೀಯ ಸ್ಥಾನಮಾನಗಳ ಕುರಿತು ಈ ಪುಟದಲ್ಲಿ ಬೇಕಾದಷ್ಟು ಬರೆದಾಗಿದೆ, ಮುಂದೆಯೂ ಬರೆಯುವುದು ಇದ್ದೇ ಇದೆ. ಆದರೆ ಹೊರನಾಡಿನಲ್ಲಿ ಕನ್ನಡ ಮುಂದಿನ ತಲೆಮಾರಿಗೆ ಉಳಿಯುವುದಾದರೆ ಅದು ಈ ಹುಡುಗರ ಮೂಲಕವೇ ಉಳಿಯಬೇಕು. ಈ ಹುಡುಗರು ಉಳಿಯಬೇಕಾದರೆ ಅವರಿಗೊಂದು ಸೂರು ಬೇಕು. ಸಾಂಸ್ಕೃತಿಕ ಪ್ರಶ್ನೆಗಳೆಂದು ನಾವು ಕರೆಯುವ ಅನೇಕ ಸಂಗತಿಗಳ ತಳದಲ್ಲಿ ಇಂಥ ಲೆಕ್ಕದ ಪ್ರಶ್ನೆಗಳು ಅಡಗಿರುತ್ತವೆ.

ಕಳೆದ ವರ್ಷ ನನ್ನ ಗಮನಕ್ಕೆ ಬಂದ ಒಂದು ಪ್ರಕರಣವನ್ನು ಹೇಳುತ್ತೇನೆ. ಮೂವರು ವಿದ್ಯಾರ್ಥಿಗಳು ಕೋಥರೂಡಿನ ಆಚೆ ಒಂದು ಸಣ್ಣ ಫ್ಲಾಟಿನಲ್ಲಿದ್ದರು. ತಿಂಗಳಿಗೆ ಹದಿನೈದು ಸಾವಿರ ಬಾಡಿಗೆ, ತಲೆಗೆ ಐದು ಸಾವಿರ. ಹನ್ನೊಂದು ತಿಂಗಳ ಕರಾರು ಮುಗಿಯಲು ಹದಿನೈದು ದಿನ ಇರುವಾಗ ಮಾಲೀಕರು ‘ಮುಂದಿನ ತಿಂಗಳಿನಿಂದ ಹದಿನೆಂಟು ಸಾವಿರ, ಆಗದಿದ್ದರೆ ಕೀಲಿ ಕೊಟ್ಟುಬಿಡಿ’ ಎಂದರು. ಹುಡುಗರ ಪರೀಕ್ಷೆ ಎದುರಿಗಿತ್ತು. ಅವರಲ್ಲೊಬ್ಬ, ಇಂಡಿ ತಾಲೂಕಿನ ಒಕ್ಕಲು ಮನೆತನದವನು, ಏರಿಕೆಯ ಸಾವಿರ ರೂಪಾಯಿಯನ್ನು ಸಂಜೆಯ ಊಟ ಬಿಟ್ಟು ಸರಿದೂಗಿಸುವುದಾಗಿ ಲೆಕ್ಕ ಹಾಕಿದ್ದ. ಮಾಲೀಕರು ಯಾರೆಂದು ಓದುಗರು ಕುತೂಹಲ ತಾಳಬಹುದು. ಅವರು ಕನ್ನಡಿಗರು, ನಮ್ಮ ರಾಜ್ಯೋತ್ಸವದಲ್ಲಿ ಮೊದಲ ಸಾಲಿನಲ್ಲಿ ಕೂರುವವರು. ‘ಕನ್ನಡದ ಹುಡುಗರೆಂದು ಮನೆ ಕೊಟ್ಟೆ, ಕನ್ನಡದವರೆಂದು ಕಡಿಮೆ ಬಾಡಿಗೆಯನ್ನೂ ತೆಗೆದುಕೊಳ್ಳಬೇಕೇ?’ ಎಂದು ಅವರು ನನ್ನನ್ನು ಕೇಳಿದರು. ಅದು ತಳ್ಳಿಹಾಕುವ ಮಾತಲ್ಲ. ಫ್ಲಾಟಿನ ಮೇಲೆ ಅವರು ಮಾಡಿದ ಸಾಲದ ಕಂತು ಇನ್ನೂ ಮುಗಿದಿಲ್ಲ, ಸೊಸೈಟಿಯ ನಿರ್ವಹಣಾ ಶುಲ್ಕ ಪ್ರತಿವರ್ಷ ಏರುತ್ತಿದೆ, ನಿವೃತ್ತಿಯ ನಂತರ ಅವರಿಗೆ ಬರುವ ಖಚಿತ ಆದಾಯ ಇದೊಂದೇ. ಬಾಡಿಗೆದಾರ ಎಂದರೆ ಬಡವ, ಮಾಲೀಕ ಎಂದರೆ ಶೋಷಕ ಎಂಬ ಸರಳ ಸಮೀಕರಣ ನಮ್ಮಂಥ ಮಧ್ಯಮವರ್ಗದವರ ವಿಷಯದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದರೂ ನಾವು ಬಂದ ದಾರಿಯನ್ನು ಒಮ್ಮೆ ನೆನೆಯಬೇಕು. ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಹಲವರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದವರು. 1902ರಷ್ಟು ಹಿಂದೆಯೇ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆ ನಡೆಸಿದ್ದು ಈ ಹುಡುಗರಿಗಾಗಿಯೇ. ಅವರ ಪಾಲಿಗೆ ಬಾಡಿಗೆಯೆಂಬ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಮನೆಯೇ ಇರಲಿಲ್ಲ. ಮುಂದೆ ಸಂಸಾರ ಹೂಡಿ ಚಾಳಿನ ಒಂದು ಖೋಲಿಗೆ ಸೇರಿದಾಗ ಅವರನ್ನು ಕಾಪಾಡಿದ್ದು ಬಾಡಿಗೆ ನಿಯಂತ್ರಣ ಕಾನೂನು. ಮುಂಬಯಿಯ 1947ರ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಎಷ್ಟಿತ್ತೋ ಅಷ್ಟಕ್ಕೇ ಹೆಚ್ಚುಕಡಿಮೆ ಕಟ್ಟಿಹಾಕಿತು. ಯುದ್ಧಕಾಲದ ಅಭಾವಕ್ಕೆಂದು ಬಂದ ಕಾನೂನು ಐವತ್ತು ವರ್ಷ ನಡೆಯಿತು. ತಿಂಗಳಿಗೆ ಕೆಲವೇ ಹತ್ತು ರೂಪಾಯಿ ಕೊಟ್ಟು ನಗರದ ನಡುವೆ ಬದುಕಿದ ಸಂಸಾರಗಳು ಮಕ್ಕಳನ್ನು ಓದಿಸಿದವು. ಆ ಮಕ್ಕಳೇ ಇಂದು ಡೊಂಬಿವಲಿಯಲ್ಲಿ, ಠಾಣೆಯಲ್ಲಿ, ಪುಣೆಯಲ್ಲಿ ಎರಡನೆಯ ಫ್ಲಾಟಿನ ಒಡೆಯರು. ಬೇರೆ ಮಾತಿನಲ್ಲಿ ಹೇಳುವುದಾದರೆ, ನಮ್ಮಲ್ಲಿ ಅನೇಕರ ಪದವಿ ಪತ್ರಗಳ ಹಿಂದೆ ಒಬ್ಬ ಚಾಳಿನ ಮಾಲೀಕನ ನಷ್ಟ ಇದೆ.

ಆ ನಷ್ಟವೂ ಸುಳ್ಳಲ್ಲ. ಬಾಡಿಗೆ ಏರದ ಕಟ್ಟಡವನ್ನು ಯಾರೂ ದುರಸ್ತಿ ಮಾಡಿಸಲಿಲ್ಲ, ಮಳೆಗಾಲ ಬಂದಾಗಲೆಲ್ಲ ಹಳೆಯ ಕಟ್ಟಡಗಳು ಕುಸಿದವು. ಕಾನೂನಿನ ಬೆನ್ನಿಗೇ ಪಗಡಿಯೆಂಬ ಕಪ್ಪುಹಣದ ವ್ಯವಹಾರ ಹುಟ್ಟಿಕೊಂಡಿತು. ಕೊನೆಗೆ 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಬಾಡಿಗೆಯನ್ನು ಹೀಗೆ ಅರ್ಧಶತಮಾನ ಸ್ತಂಭಿಸಿಡುವುದು ಇನ್ನು ಸಮಂಜಸವಲ್ಲ ಎಂದು ಸಾರಿತು. ಆ ಪ್ರಸಿದ್ಧ ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ. ಮುಂಬಯಿಯ ಬಾಡಿಗೆಯ ಇತಿಹಾಸವನ್ನು ತಿರುಗಿಸಿದ ತೀರ್ಪು ನಮ್ಮ ಕರಾವಳಿಯ ಊರೊಂದರ ಹೆಸರನ್ನು ಹೊತ್ತಿದೆಯೆಂಬುದನ್ನು ಗಮನಿಸಿದವರು ಕಡಿಮೆ. ಅದರ ಬೆನ್ನಲ್ಲೇ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಬಂದು, 2000ದ ಮಾರ್ಚ್ 31ರಿಂದ ಜಾರಿಯಾಯಿತು.

ವಿದ್ಯಾರ್ಥಿಗಳು ಸಂಘಕ್ಕೆ ಬರುವಾಗ ಬಾಯಿಪಾಠ ಮಾಡಿಕೊಂಡು ಬರುವುದು ಈ ಕಾಯಿದೆಯ ಒಂದು ಸಾಲನ್ನು: ‘ವರ್ಷಕ್ಕೆ ಶೇಕಡಾ 4ಕ್ಕಿಂತ ಹೆಚ್ಚು ಏರಿಸುವಂತಿಲ್ಲ’. ಯಾರೋ ಗೆಳೆಯರು ಹೇಳಿರುತ್ತಾರೆ. ಕಾಯಿದೆಯ 11ನೆಯ ಕಲಮಿನಲ್ಲಿ ಶೇಕಡಾ 4ರ ಮಾತು ಇರುವುದು ನಿಜ. ಆದರೆ ಅದು ಗೇಣಿಯ ಹಕ್ಕುಳ್ಳ ಬಾಡಿಗೆದಾರನಿಗೆ, ಅಂದರೆ ಚಾಳುಗಳ, ಹಳೆಯ ವಾಡೆಗಳ ನಿವಾಸಿಗೆ ಅನ್ವಯಿಸುವ ಮಾತು. ನಮ್ಮ ವಿದ್ಯಾರ್ಥಿ ಸಹಿ ಹಾಕಿರುವುದು ‘ಲೀವ್ ಅಂಡ್ ಲೈಸೆನ್ಸ್’ ಕರಾರಿಗೆ. ಕಾನೂನಿನ ಕಣ್ಣಿನಲ್ಲಿ ಆತ ಬಾಡಿಗೆದಾರನೇ ಅಲ್ಲ. ಮಾಲೀಕನ ಅನುಮತಿಯಿಂದ ನಿರ್ದಿಷ್ಟ ಅವಧಿಗೆ ಇರುವ ಪರವಾನಗಿದಾರ. ಆತ ಕೊಡುವುದು ಬಾಡಿಗೆಯಲ್ಲ, ಪರವಾನಗಿ ಶುಲ್ಕ. ಅದಕ್ಕೆ ಶೇಕಡಾ 4ರ ಬೇಲಿಯಿಲ್ಲ. ಅವಧಿ ಮುಗಿದ ಮೇಲೆ ಮಾಲೀಕ ಎಷ್ಟು ಬೇಕಾದರೂ ಕೇಳಬಹುದು. ಶೇಕಡಾ 4ರ ಮಾತನ್ನು ನಂಬಿ ಮಾಲೀಕರೊಡನೆ ಜಗಳಕ್ಕೆ ನಿಂತ ಹುಡುಗರು ಜಗಳವನ್ನೂ ಸೋತು ಮನೆಯನ್ನೂ ಕಳೆದುಕೊಂಡಿದ್ದಾರೆ.

ಈ ಹನ್ನೊಂದು ತಿಂಗಳು ಎಂಬ ವಿಚಿತ್ರ ಲೆಕ್ಕ ಎಲ್ಲಿಂದ ಬಂತು? ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಅದನ್ನು ತಪ್ಪಿಸಲು ದೇಶದ ಎಲ್ಲೆಡೆ ಹನ್ನೊಂದು ತಿಂಗಳ ಪದ್ಧತಿ ಬೆಳೆಯಿತು. ಮಹಾರಾಷ್ಟ್ರದಲ್ಲಿ ಇದಕ್ಕೆ ಇನ್ನೊಂದು ಭಯವೂ ಸೇರಿತು. 1973ರ ಫೆಬ್ರವರಿ 1ರಂದು ಮನೆಗಳಲ್ಲಿ ಪರವಾನಗಿದಾರರಾಗಿದ್ದವರನ್ನು ಶಾಸನವು ಒಂದೇ ಏಟಿಗೆ ರಕ್ಷಿತ ಬಾಡಿಗೆದಾರರನ್ನಾಗಿ ಮಾಡಿತು. ಆ ಏಟನ್ನು ಮಾಲೀಕವರ್ಗ ಇಂದಿಗೂ ಮರೆತಿಲ್ಲ. ಓದುವ ಹುಡುಗನೊಬ್ಬ ಹನ್ನೆರಡನೆಯ ತಿಂಗಳು ಕೇಳಿದರೆ ಅಜ್ಜನ ಕಾಲದ ಭೀತಿಯೊಂದು ಮೊಮ್ಮಗನ ಮುಖದ ಮೇಲೆ ಮೂಡುವುದನ್ನು ನಾನೇ ಕಂಡಿದ್ದೇನೆ. ತಮಾಷೆಯೆಂದರೆ, ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳಿಗೆ ಈಗ ಅರ್ಥವೇ ಉಳಿದಿಲ್ಲ. 1999ರ ಕಾಯಿದೆಯ 55ನೆಯ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಮುಖ್ಯವಾದದ್ದು, ನೋಂದಾಯಿತ ಕರಾರು ಇಲ್ಲದಿದ್ದರೆ ಷರತ್ತುಗಳೇನಿದ್ದವು ಎಂಬ ವಿಷಯದಲ್ಲಿ ಮನೆಯಲ್ಲಿರುವವನ ಮಾತೇ ನಡೆಯುತ್ತದೆ, ಅದು ಸುಳ್ಳೆಂದು ಸಿದ್ಧವಾಗುವವರೆಗೆ. ಬಾಯಿಮಾತಿನ ವ್ಯವಹಾರದಿಂದ ತಮಗೇ ಅನುಕೂಲವೆಂದು ತಿಳಿದ ಮಾಲೀಕ ಮಿತ್ರರು ಈ ಕಲಮನ್ನು ಒಮ್ಮೆ ಓದುವುದು ಒಳ್ಳೆಯದು.

ಹಾಗಾದರೆ ವಿದ್ಯಾರ್ಥಿಗೆ ಇರುವ ರಕ್ಷಣೆ ಏನು? ಕರಾರಿನ ಅವಧಿಯೊಳಗೆ, ಕರಾರಿನಲ್ಲೇ ಹೇಳಿರದ ಹೊರತು, ಒಂದು ರೂಪಾಯಿಯನ್ನೂ ಏರಿಸುವಂತಿಲ್ಲ. ನಡುವೆ ‘ಮಾರುಕಟ್ಟೆ ಏರಿದೆ’ ಎಂದು ಬಂದವರಿಗೆ ವಿನಯದಿಂದಲೇ ಕರಾರುಪತ್ರ ತೋರಿಸಬಹುದು. ಅವಧಿ ಮುಗಿದರೂ ಬೀಗ ಒಡೆದು ಸಾಮಾನು ಹೊರಗೆಸೆಯುವ ಅಧಿಕಾರ ಮಾಲೀಕನಿಗಿಲ್ಲ, ಆತ ಸಕ್ಷಮ ಪ್ರಾಧಿಕಾರಿಯ ಮುಂದೆ ಹೋಗಬೇಕು. ಆದರೆ ಇದನ್ನು ನಂಬಿ ಕುಳಿತುಕೊಳ್ಳಬಾರದು. 24ನೆಯ ಕಲಮಿನ ಮೇರೆಗೆ ಅವಧಿ ಮೀರಿ ಇದ್ದವನು ಶುಲ್ಕದ ಎರಡರಷ್ಟನ್ನು ನಷ್ಟಪರಿಹಾರವಾಗಿ ಕೊಡಬೇಕಾಗುತ್ತದೆ, ಮತ್ತು ಪ್ರಾಧಿಕಾರಿಯ ಮುಂದೆ ಕರಾರುಪತ್ರದ ಮಾತೇ ಕೊನೆಯ ಮಾತು. ಕೆಲವು ವಿದ್ಯಾರ್ಥಿ ನಾಯಕರು ‘ಬಿಡಬೇಡಿ, ನೋಡೋಣ’ ಎಂದು ಹುರಿದುಂಬಿಸುತ್ತಾರೆ. ದಂಡ ಕಟ್ಟುವಾಗ ಆ ನಾಯಕರು ಜೊತೆಗಿರುವುದಿಲ್ಲ.

ಪಿ.ಜಿ.ಗಳ ಮಾತು ಇನ್ನೂ ಬೇರೆ. ಕಾಯಿದೆಯ ವ್ಯಾಖ್ಯೆಯಲ್ಲಿ ಪೇಯಿಂಗ್ ಗೆಸ್ಟ್ ಎಂದರೆ ಮಾಲೀಕನು ತಾನು ವಾಸಿಸುವ ಮನೆಯ ಒಂದು ಭಾಗವನ್ನು ಬಿಟ್ಟುಕೊಟ್ಟಾಗ ಅಲ್ಲಿ ಇರುವವನು. ಸದಾಶಿವ ಪೇಟೆಯ ಅಜ್ಜಿಯೊಬ್ಬಳು ಹಿಂದಿನ ಕೋಣೆಯನ್ನು ಇಬ್ಬರು ಹುಡುಗರಿಗೆ ಕೊಟ್ಟು ಬೆಳಿಗ್ಗೆ ಪೋಹೆ ಮಾಡಿ ಬಡಿಸುತ್ತಿದ್ದ ಕಾಲದ ವ್ಯಾಖ್ಯೆ ಅದು. ಈಗ ಒಂದೇ ಕೋಣೆಯಲ್ಲಿ ನಾಲ್ಕು ಮಂಚ ಹಾಕಿ, ಎಂದೂ ಮುಖ ತೋರಿಸದ ಒಡೆಯನ ಪರವಾಗಿ ಮ್ಯಾನೇಜರನೊಬ್ಬ ಹಣ ವಸೂಲಿ ಮಾಡುವ ಉದ್ಯಮಕ್ಕೂ ಅದೇ ಹೆಸರು. ಇಲ್ಲಿ ಏರಿಕೆಗೆ ಕೊಡುವ ಕಾರಣಗಳೂ ಉದ್ಯಮದವೇ. 2023ರಲ್ಲಿ ಬೆಂಗಳೂರಿನ ಮುಂಗಡ ತೀರ್ಮಾನ ಪ್ರಾಧಿಕಾರವೊಂದು ಹಾಸ್ಟೆಲು, ಪಿ.ಜಿ.ಗಳ ಶುಲ್ಕಕ್ಕೆ ಶೇಕಡಾ 12 ಜಿ.ಎಸ್.ಟಿ. ತಗಲುತ್ತದೆಂದು ಹೇಳಿದಾಗ, ತೆರಿಗೆ ಕಟ್ಟುವವರೂ ಕಟ್ಟದವರೂ ಅದರ ಹೆಸರಿನಲ್ಲಿ ದರ ಏರಿಸಿಕೊಂಡರು. ಆದರೆ 2024ರ ಜೂನ್ 22ರ ಸಭೆಯಲ್ಲಿ ಜಿ.ಎಸ್.ಟಿ. ಮಂಡಳಿಯು, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯವರೆಗಿನ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ ವಿನಾಯಿತಿ ನೀಡಲು ಶಿಫಾರಸು ಮಾಡಿತು. ಅದು ಅದೇ ಜುಲೈನಿಂದ ಜಾರಿಗೂ ಬಂತು. ಏರಿದ ದರ ಮಾತ್ರ ಇಳಿಯಲಿಲ್ಲ. ಜಿ.ಎಸ್.ಟಿ. ನೆಪದಲ್ಲಿ ಹಣ ಕೇಳುವ ಮ್ಯಾನೇಜರನಿಗೆ ನಮ್ಮ ಹುಡುಗಿಯರು ಈ ತಾರೀಖನ್ನು ಧೈರ್ಯವಾಗಿ ಹೇಳಲಿ.

ಬೇರೆ ನಗರಗಳ ಓದುಗರಿಗಾಗಿ ಎರಡು ಮಾತು. ದೆಹಲಿಯಲ್ಲಿ 1958ರ ಕಾಯಿದೆ ಇನ್ನೂ ಇದೆ, ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ತಾಗುವುದಿಲ್ಲ. ರಾಜೇಂದ್ರ ನಗರ, ಮುಖರ್ಜಿ ನಗರಗಳಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುವ ನಮ್ಮ ಹುಡುಗರಿಗೆ ಆ ದರದಲ್ಲಿ ಮಂಚವೂ ಸಿಗದು. ಸಂಸತ್ತು ಒಪ್ಪಿ, ರಾಷ್ಟ್ರಪತಿಗಳ ಅಂಕಿತವನ್ನೂ ಪಡೆದ 1995ರ ದೆಹಲಿ ಬಾಡಿಗೆ ಕಾಯಿದೆ ವರ್ತಕರ ವಿರೋಧದಿಂದಾಗಿ ಜಾರಿಗೇ ಬರಲಿಲ್ಲ. ತಮಿಳುನಾಡಿನ 2017ರ ಕಾಯಿದೆ 2019ರಿಂದ ಜಾರಿಯಲ್ಲಿದ್ದು, ಲಿಖಿತ ಕರಾರನ್ನೂ ಬಾಡಿಗೆ ಪ್ರಾಧಿಕಾರದಲ್ಲಿ ಅದರ ದಾಖಲಾತಿಯನ್ನೂ ಕಡ್ಡಾಯಗೊಳಿಸಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಗೇಣಿ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದು ಹೇಳುತ್ತದೆ. ಆದರೆ ಭೂಮಿ ರಾಜ್ಯಗಳ ವಿಷಯವಾದ್ದರಿಂದ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ.

ಕಾನೂನು ಇಷ್ಟಕ್ಕೇ ನಿಂತಮೇಲೆ ಉಳಿಯುವುದು ಮಾತುಕತೆ. ಮೇಲೆ ಹೇಳಿದ ಫ್ಲಾಟಿನ ಲೆಕ್ಕವನ್ನು ನಾನು ಮಾಲೀಕರ ಮುಂದೆಯೇ ಕಾಗದದ ಮೇಲೆ ಮಾಡಿ ತೋರಿಸಿದೆ. ಹದಿನೆಂಟು ಸಾವಿರಕ್ಕೆ ಪಟ್ಟುಹಿಡಿದು ಹುಡುಗರು ಬಿಟ್ಟುಹೋಗಿ, ಮನೆ ಒಂದೇ ತಿಂಗಳು ಖಾಲಿ ಬಿದ್ದರೆ, ಉಳಿದ ಹತ್ತು ತಿಂಗಳಿಗೆ ಕೈಗೆ ಬರುವುದು 1,80,000. ಹದಿನಾರೂವರೆ ಸಾವಿರಕ್ಕೆ ಅದೇ ಹುಡುಗರು ಮುಂದುವರಿದರೆ ಹನ್ನೊಂದು ತಿಂಗಳಿಗೆ 1,81,500. ಹುಡುಗರ ಕಡೆಯ ಲೆಕ್ಕವೂ ಹಾಗೆಯೇ: ಒಂದೂವರೆ ಸಾವಿರದ ಏರಿಕೆಯಿಂದ ಹನ್ನೊಂದು ತಿಂಗಳಿಗೆ 16,500 ಹೆಚ್ಚಾಗುತ್ತದೆ, ಮನೆ ಬದಲಿಸಿದರೆ ಏಜೆಂಟನಿಗೆ ಒಂದು ತಿಂಗಳ ಬಾಡಿಗೆ, ಟೆಂಪೋ ಬಾಡಿಗೆ, ಹಳೆಯ ಠೇವಣಿ ಕೈಸೇರುವ ಮೊದಲೇ ಹೊಸ ಠೇವಣಿ, ಎಲ್ಲ ಸೇರಿ ಅದಕ್ಕಿಂತ ಕಡಿಮೆಯೇನೂ ಆಗದು. ಮಾಲೀಕರು ಕಾಗದವನ್ನು ಎರಡು ಸಲ ನೋಡಿದರು. ಹದಿನಾರೂವರೆಗೆ ಒಪ್ಪಂದವಾಯಿತು. ನನ್ನ ಕನ್ನಡಾಭಿಮಾನದ ಮಾತು ಮಾಡದ ಕೆಲಸವನ್ನು ಆ ಭಾಗಾಕಾರ ಗುಣಾಕಾರಗಳು ಮಾಡಿದವು.

ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ಕರಾರು ಮುಗಿಯಲು ಎರಡು ತಿಂಗಳಿರುವಾಗಲೇ ಮಾಲೀಕರನ್ನು ಕಾಣಿರಿ. ಹದಿನೈದು ದಿನ ಉಳಿದಾಗ ಚೌಕಾಸಿಯ ಶಕ್ತಿ ನಿಮ್ಮ ಕೈಯಲ್ಲಿರುವುದಿಲ್ಲ. ಅದೇ ಸೊಸೈಟಿಯ ಕಾವಲುಗಾರನನ್ನು ಮಾತಾಡಿಸಿದರೆ ಅಕ್ಕಪಕ್ಕದ ಫ್ಲಾಟುಗಳ ದರ ತಿಳಿಯುತ್ತದೆ, ಏಜೆಂಟನ ಬಾಯಿಂದ ತಿಳಿಯುವುದಿಲ್ಲ. ಕೋರ್ಸು ಎರಡು ವರ್ಷದ್ದಾದರೆ ಇಪ್ಪತ್ತೆರಡು ತಿಂಗಳ ಕರಾರು ಕೇಳಿ, ಎರಡನೆಯ ವರ್ಷದ ಏರಿಕೆ ಎಷ್ಟೆಂದು ಅದರಲ್ಲೇ ಬರೆಯಿಸಿಕೊಳ್ಳಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಸೇರುವ ದಿನವೇ ಗೋಡೆ, ನಲ್ಲಿ, ಪಂಖಾಗಳ ಚಿತ್ರ ತೆಗೆದಿಟ್ಟುಕೊಂಡರೆ ಬಿಡುವ ದಿನ ಠೇವಣಿಯಲ್ಲಿ ಮುರಿದುಕೊಳ್ಳುವ ಮಾತು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಂಗತಿಯನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಚೌಕಾಸಿ ಎಂಬುದು ಹತ್ತು ಬಾಗಿಲುಗಳು ತೆರೆದಿರುವವನಿಗೆ ಮಾತ್ರ ಸಾಧ್ಯ. ‘ನೀವು ಯಾವ ಪೈಕಿ?’, ‘ಮಾಂಸಾಹಾರ ಮಾಡುವವರೇ?’ ಎಂಬ ಪ್ರಶ್ನೆಗಳ ಮುಂದೆ ಎಂಟು ಬಾಗಿಲು ಮುಚ್ಚಿಕೊಂಡ ದಲಿತ ವಿದ್ಯಾರ್ಥಿಗೆ, ಹೆಸರು ಹೇಳಿದೊಡನೆ ಒಂಬತ್ತು ಮುಚ್ಚಿಕೊಂಡ ಮುಸಲ್ಮಾನ ವಿದ್ಯಾರ್ಥಿಗೆ, ಉಳಿದ ಒಂದೆರಡು ಬಾಗಿಲುಗಳಲ್ಲಿ ಕೇಳಿದ್ದೇ ದರ. ಅವರಿಗೆ ಏರಿಕೆಯೆಂದರೆ ಜಾತಿಯ ಮೇಲೆ ಹಾಕಿದ ಸುಂಕ. ಕಲಬುರಗಿಯಿಂದ ಬಂದ ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ. ನಾಲ್ಕನೆಯ ಸಲ ಮಾಲೀಕರು ಕೇಳಿದ್ದನ್ನು ಮರುಮಾತಿಲ್ಲದೆ ಒಪ್ಪಿಕೊಂಡ. ಏಕೆಂದು ಕೇಳಿದೆ. ‘ಸರ್, ಇವರು ನನ್ನ ಅಡ್ಡಹೆಸರು ಕೇಳಲಿಲ್ಲ’ ಎಂದ. ಆ ಮೊದಲಿನ ಮೂರು ಮನೆಗಳಲ್ಲಿ ಎರಡು ಕನ್ನಡಿಗರವು. ಮರಾಠಿಗರು ನಮ್ಮನ್ನು ಪರಕೀಯರಂತೆ ಕಾಣುತ್ತಾರೆಂದು ದೂರುವ ನಾಲಿಗೆಯೇ ತನ್ನ ಭಾಷೆಯ ಹುಡುಗನನ್ನು ‘ಯಾವ ಪೈಕಿ’ ಎಂದು ಕೇಳುವುದನ್ನು ಏನೆಂದು ಕರೆಯೋಣ?

ಹಿಂದಿನವರು ಈ ಸಮಸ್ಯೆಯನ್ನು ಕೈಚೆಲ್ಲಿ ನೋಡಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಮೊದಲ್ಗೊಂಡು ಮರಾಠ, ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯರೆನಿಸಿಕೊಂಡವರು, ಹೀಗೆ ಒಂದೊಂದು ಸಮುದಾಯದ ಮಕ್ಕಳಿಗೂ ವಸತಿಗೃಹಗಳಿಗೆ ಜಾಗ, ಹಣ ಕೊಟ್ಟರು. ಬೆಂಗಳೂರಿನ ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯ, ಧಾರವಾಡದ ಮುರುಘಾಮಠದ ಪ್ರಸಾದನಿಲಯಗಳ ಅನ್ನ ಉಂಡವರು ನಾಡನ್ನೇ ಕಟ್ಟಿದರು. ಪುಣೆಯಲ್ಲೇ 1955ರಲ್ಲಿ ಹುಟ್ಟಿದ ವಿದ್ಯಾರ್ಥಿ ಸಹಾಯಕ ಸಮಿತಿ ಹಳ್ಳಿಯ ಬಡ ಮಕ್ಕಳಿಗೆ ಇಂದಿಗೂ ವಸತಿ ನೀಡುತ್ತಿದೆ. ಸಮುದಾಯಕ್ಕೊಂದು ವಸತಿಗೃಹವೆಂಬ ಕ್ರಮದ ಮಿತಿಗಳೇನೇ ಇರಲಿ, ಓದಿಗೆ ಮೊದಲು ಸೂರು ಬೇಕೆಂಬ ತಿಳಿವಳಿಕೆ ಅಲ್ಲಿತ್ತು. ಈಗಿನ ಸರ್ಕಾರಿ ಯೋಜನೆಗಳು ಗಡಿರೇಖೆಯಲ್ಲಿ ನಿಂತುಬಿಡುತ್ತವೆ. ಹಾಸ್ಟೆಲು ಸಿಗದವರಿಗೆ ತಿಂಗಳಿಗಿಷ್ಟೆಂದು ಹಣ ಕೊಡುವ ಕರ್ನಾಟಕದ ವಿದ್ಯಾಸಿರಿ ಯೋಜನೆ ರಾಜ್ಯದೊಳಗಿನ ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಮಹಾರಾಷ್ಟ್ರದ ಸ್ವಾಧಾರ ಯೋಜನೆ ಆ ರಾಜ್ಯದ ನಿವಾಸಿಗಳಿಗೆ. ಗಡಿ ದಾಟಿದ ಹುಡುಗ ಎರಡೂ ಪಟ್ಟಿಗಳಿಂದ ಹೊರಗೆ. ಕರ್ನಾಟಕ ಸರ್ಕಾರ ಹೊರನಾಡ ಸಂಘಗಳಿಗೆ ಉತ್ಸವಕ್ಕೆಂದು ಕೊಡುವ ಅನುದಾನದ ಒಂದು ಪಾಲನ್ನಾದರೂ ವಿದ್ಯಾರ್ಥಿವಸತಿಗೆ ಮೀಸಲಿಡಬೇಕೆಂದು ನಾನು ಒತ್ತಾಯಿಸುತ್ತೇನೆ. ಯಕ್ಷಗಾನಕ್ಕೆ, ಮದುವೆಗೆ ಸಭಾಗೃಹಗಳನ್ನು ಕಟ್ಟಿಕೊಂಡ ನಾವು ಇಪ್ಪತ್ತು ಮಂಚಗಳಿಗೆ ಜಾಗ ಹುಡುಕಲಾರೆವೆಂದರೆ ಯಾರೂ ನಂಬರು.

ಅದಾಗುವವರೆಗೆ, ಕಡಿಮೆ ಹಣದಲ್ಲಿ ಆಗಬಹುದಾದ ಎರಡು ಕೆಲಸಗಳಿವೆ. ಒಂದು, ಸಂಘದ ಕಚೇರಿಯಲ್ಲಿ ಮನೆಗಳ ದಪ್ತರವೊಂದನ್ನು ತೆರೆಯುವುದು. ವಿದ್ಯಾರ್ಥಿಗಳಿಗೆ ಮನೆ ಕೊಡಲು ಸಿದ್ಧರಿರುವ ಸದಸ್ಯರು ತಮ್ಮ ದರವನ್ನೂ, ಮುಂದಿನ ವರ್ಷದ ಏರಿಕೆಯನ್ನೂ ಮೊದಲೇ ಅದರಲ್ಲಿ ಬರೆಯಬೇಕು. ದರ ಇಂತಿಷ್ಟೇ ಇರಬೇಕೆಂದು ಸಂಘ ಹೇಳುವುದಿಲ್ಲ, ಜಾತಿ ಧರ್ಮ ಕೇಳುವವರ ಹೆಸರನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ. ಎರಡು, ಠೇವಣಿ ನಿಧಿ. ಬಾಡಿಗೆ ಏರಿದಾಗ ಹುಡುಗರು ಸೋಲುವುದು ತಿಂಗಳ ಹಣಕ್ಕಲ್ಲ, ಹೊಸ ಮನೆಗೆ ಒಟ್ಟಿಗೆ ಕೊಡಬೇಕಾದ ಠೇವಣಿಗೆ. ಹಳೆಯ ಠೇವಣಿ ಬಂದ ಕೂಡಲೇ ಮರಳಿಸುವಂತೆ ಬಡ್ಡಿಯಿಲ್ಲದ ಕೈಗಡವನ್ನು ಸಂಘವೇ ಕೊಡುವಂತಾದರೆ, ಮನೆ ಬಿಡುತ್ತೇನೆಂದು ಹೇಳುವ ಶಕ್ತಿ ಅವರಿಗೆ ಬರುತ್ತದೆ. ಎರಡೂ ಸಲಹೆಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಬರಲಿವೆ. ಒಪ್ಪದವರ ಪತ್ರಗಳನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ. ಖಾಲಿ ಕೋಣೆಯಿರುವವರು ಪತ್ರದ ಕೆಳಗೆ ಅದರ ವಿಳಾಸವನ್ನೂ ಬರೆದರೆ ಇನ್ನೂ ಸಂತೋಷ.